ನೋಡದೆ ನಂಬಿದ ಕಾಗದ

ನನ್ನ ತಮ್ಮ ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ಹಾಕುತ್ತಿದ್ದ. ಸೊಲ್ಲಾಪುರದ ಮೇ ತಿಂಗಳ ಬಿಸಿಲು ಬಲ್ಲವರಿಗೆ ಅದು ವಿಚಿತ್ರವಾಗಿ ಕಾಣಬೇಕಿತ್ತು. ನಮಗೆ ಕಾಣಲಿಲ್ಲ. ಪೇಟೆ ಸೇರಿದ ಹುಡುಗ, ಅಂಗಡಿಯ ಗಾದಿಯ ಮೇಲೆ ಕೂರುವವನು, ನೀಟಾಗಿ ಇರುತ್ತಾನೆ ಅಂದುಕೊಂಡೆವು. ಅಪ್ಪ ತೀರಿ ವರ್ಷ ತುಂಬಿದ ಕಾರ್ಯದ ದಿನ, ಕರಜಗಿಯ ನಮ್ಮ ಮನೆಯ ಹಿತ್ತಲಲ್ಲಿ ಅವನು ಸ್ನಾನಕ್ಕೆ ಕೂತಿದ್ದ. ನಾನು ಬಿಸಿನೀರಿನ ಕೊಡ ಇಡಲು ಹೋದೆ. ಅವನ ಎಡಗೈಯ ಮೊಣಕೈ ಒಳಬದಿಯಲ್ಲಿ ಚುಕ್ಕೆಗಳ ಸಾಲಿತ್ತು. ಕೆಲವು ಕಪ್ಪಾಗಿದ್ದವು, ಒಂದು ಹುಣ್ಣಾಗಿ ಕೀವು ಕಟ್ಟಿತ್ತು. ಅವನು ಟವೆಲ್ ಎಳೆದುಕೊಂಡ. ನಾನು ಕೊಡ ಇಟ್ಟು, ಒಳಗೆ ಬಂದು ಹೋಳಿಗೆಯ ಹೂರಣ ರುಬ್ಬಿದೆ.

ನಮ್ಮದು ಕಬ್ಬು, ತೊಗರಿ ಬೆಳೆಯುವ ಮನೆ. ಹೊಲಕ್ಕೂ ಮಾನಕ್ಕೂ ಕೊರತೆ ಇರಲಿಲ್ಲ. ನಾನು ಹಿರಿಯಳು. ಮದುವೆಯಾಗಿ ಅಕ್ಕಲಕೋಟದಲ್ಲಿದ್ದೇನೆ, ಅಲ್ಲಿಯ ಒಂದು ಕನ್ನಡ ಶಾಲೆಯಲ್ಲಿ ಶಿಕ್ಷಕಿ. ತಮ್ಮ ನನಗಿಂತ ಒಂಬತ್ತು ವರ್ಷ ಚಿಕ್ಕವನು. ಅವ್ವನಿಗೆ ಹೊಲದ ಕೆಲಸ ಬಹಳವಿದ್ದುದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನೇ. ಸೋದರಮಾವನದು ಸೊಲ್ಲಾಪುರದಲ್ಲಿ ಬೇಳೆಕಾಳಿನ ವ್ಯಾಪಾರ. ಕಾಲೇಜು ಅರ್ಧಕ್ಕೆ ಬಿಟ್ಟ ತಮ್ಮ ಆ ಅಂಗಡಿ ಸೇರಿ, ಮಾವನ ಮನೆಯ ಹಿಂದಿನ ಎರಡು ಕೋಣೆಯಲ್ಲಿ ಇರುತ್ತಿದ್ದ.

ಕಾರ್ಯ ಮುಗಿದು ನೆಂಟರೆಲ್ಲ ಹೋದ ಮೇಲೆ ನಾನು ಅವನನ್ನು ಹೊಲದ ಕಡೆ ಕರೆದುಕೊಂಡು ಹೋಗಿ ಕೇಳಿದೆ. ಮೊದಲು ಸೊಳ್ಳೆ ಅಂದ, ಆಮೇಲೆ ಅಲರ್ಜಿ ಅಂದ. ಕೊನೆಗೆ ಬದುವಿನ ಮೇಲೆ ಕೂತು ಎಲ್ಲ ಹೇಳಿದ. ಎರಡು ವರ್ಷದ ಹಿಂದೆ ಅಕ್ಕಲಕೋಟ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಸೊಂಟಕ್ಕೆ ಪೆಟ್ಟಾಗಿತ್ತು. ನೋವಿಗೆಂದು ಒಬ್ಬ ಕಾಂಪೌಂಡರ್ ಇಂಜೆಕ್ಷನ್ ಕೊಡುತ್ತಿದ್ದ. ನೋವು ಹೋಯಿತು, ಇಂಜೆಕ್ಷನ್ ಹೋಗಲಿಲ್ಲ. ಆಮೇಲೆ ಅದನ್ನು ತಾನೇ ಚುಚ್ಚಿಕೊಳ್ಳಲು ಕಲಿತ. ಜೊತೆಗೆ ಇಬ್ಬರು ಸಿಕ್ಕರು. ಒಬ್ಬ ದುಧನಿಯಿಂದ ಕಾಳಿನ ಚೀಲ ತರುವ ಟೆಂಪೋದವನು, ಇನ್ನೊಬ್ಬ ಟವೆಲ್ ಮಗ್ಗದಲ್ಲಿ ಕೆಲಸ ಮಾಡುವವನು. ಮೂವರಿಗೂ ಒಂದೇ ಸಿರಿಂಜು.

ಹೊಸ ಸೂಜಿ ಎಷ್ಟು ಅಗ್ಗವೆಂದು ನನಗೆ ಗೊತ್ತಿತ್ತು. ಯಾಕೆ ಕೊಳ್ಳುವುದಿಲ್ಲ ಎಂದು ಕೇಳಿದೆ. ಪೇಟೆಯ ಮೆಡಿಕಲ್ ಅಂಗಡಿಯವರೆಲ್ಲ ಮಾವನಿಗೆ ಪರಿಚಯದವರು, ದಿನಾ ಸೂಜಿ ಕೇಳಿದರೆ ಸಂಜೆಯೊಳಗೆ ಮಾವನ ಕಿವಿಗೆ ಬೀಳುತ್ತದೆ ಅಂದ. ದೂರದ ಅಂಗಡಿಯಿಂದ ಒಂದು ತಂದು ವಾರಗಟ್ಟಲೆ ನೀರಲ್ಲಿ ತೊಳೆದು ಬಳಸುತ್ತಿದ್ದರು. ಬೇರೆ ಬೇರೆ ಇಟ್ಟುಕೊಳ್ಳಬಹುದಿತ್ತಲ್ಲ ಎಂದೆ. ಅವನು ನನ್ನನ್ನು ತಿಳಿಗೇಡಿಯೆಂಬಂತೆ ನೋಡಿದ.

"ಒಂದ ತಾಟಿನ್ಯಾಗ ಉಂಡವ್ರು ನಾವು. ನಿಂದು ಬ್ಯಾಡ, ನಂದು ನಂಗ ಇರ್ಲಿ ಅಂದ್ರ ಅವ್ರಿಗಿ ಹ್ಯಾಂಗ ಅನಸ್ತದ?"

ಟೆಂಪೋದಲ್ಲಿ ಹೈವೇ ಹಿಡಿದು ಹೋದ ದಿನಗಳ ಮಾತೂ ಬಂತು. ನಶೆಯ ಗೋಳಿ ನುಂಗಿ, ಮೇಲೆ ಕುಡಿದು, ರಸ್ತೆ ಬದಿಯ ಲಾಡ್ಜುಗಳಿಗೆ ಹೆಂಗಸರ ಹತ್ತಿರ ಹೋಗುತ್ತಿದ್ದರಂತೆ. ಅಕ್ಕನ ಮುಂದೆ ಆ ಮಾತು ಆಡುವಾಗ ಅವನು ಮಣ್ಣಿನ ಹೆಂಟೆಯೊಂದನ್ನು ಪುಡಿ ಮಾಡುತ್ತ ಕೂತಿದ್ದ. ನಾನೂ ಮುಖ ಬೇರೆ ಕಡೆ ಮಾಡಿಯೇ ಕೇಳಿದೆ, ಕಾಳಜಿ ತಗೊಳ್ಳುತ್ತಿದ್ದಿರಾ ಎಂದು. ಆ ಹೊತ್ತಿನಲ್ಲಿ ಅದೆಲ್ಲ ಯಾರಿಗೆ ನೆನಪಿರುತ್ತದೆ ಎಂದ. ನಮ್ಮ ಮನೆಯಲ್ಲಿ ಆ ವಿಷಯದ ಬಗ್ಗೆ ಇಬ್ಬರು ಆಡಿದ ಮೊದಲ ಮಾತು ಅದು. ಒಂದೇ ಮನೆಯಲ್ಲಿ ಹುಟ್ಟಿ ಬೆಳೆದವರು ನಾವು, ಆದರೂ ಅದಕ್ಕೆ ನಮ್ಮಿಬ್ಬರ ಹತ್ತಿರ ಸರಿಯಾದ ಶಬ್ದಗಳೇ ಇರಲಿಲ್ಲ.

ಮರುವಾರ ಶಾಲೆಗೆ ರಜೆ ಹಾಕಿ ಸೊಲ್ಲಾಪುರದ ಒಂದು ಸರಕಾರಿ ದವಾಖಾನೆಗೆ ಹೋದೆ. ಅಲ್ಲಿ ಸಲಹೆ ಕೊಡುವ ಹೆಣ್ಣುಮಗಳೊಬ್ಬಳಿದ್ದಳು, ನನ್ನ ವಯಸ್ಸಿನವಳೇ, ಮರಾಠಿಯವಳು. ನಾನು ನೆಂಟರ ಹುಡುಗನ ವಿಷಯ ಎಂದು ಶುರು ಮಾಡಿದೆ. ಅವಳು ಯಾರ ವಿಷಯ ಎಂದು ಕೆದಕಲಿಲ್ಲ. ಚಟ ಬಿಡಲು ನಾಲಗೆಯ ಕೆಳಗಿಡುವ ಗೋಳಿ ಇದೆ, ಬಿಡುವತನಕ ಹೊಸ ಸೂಜಿ ಪುಕ್ಕಟೆ ಕೊಡುವವರಿದ್ದಾರೆ, ಆದರೆ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕು ಎಂದಳು. ನಾನು ಎದ್ದಾಗ ಒಂದು ಮಾತು ಸೇರಿಸಿದಳು: ಮನೆಯವರು ಇಂಥ ಹುಡುಗರಿಗೆ ಲಗ್ನ ಮಾಡಿ ಸುಧಾರಿಸಲು ನೋಡುತ್ತಾರೆ, ಪರೀಕ್ಷೆಯ ಕಾಗದ ಕೈಗೆ ಬರುವತನಕ ಅದೊಂದನ್ನು ಮಾಡಬೇಡಿ.

ಆ ಹೊತ್ತಿಗೆ ಅವ್ವ ಮರವಡೆಯಲ್ಲಿ ಹೆಣ್ಣು ನೋಡಿ ಆಗಿತ್ತು. ಮರವಡೆ ಮಂಗಳವೇಢೆಯ ಆಚೆ. ನಮ್ಮ ಕಡೆಯ ಸುದ್ದಿ ಅಲ್ಲಿಗೆ ಮುಟ್ಟುವುದಿಲ್ಲ. ಅದಕ್ಕಾಗಿಯೇ ಅಷ್ಟು ದೂರದ ಹೆಣ್ಣು ಎಂದು ನನಗೆ ಆಮೇಲೆ ತಿಳಿಯಿತು. ಅವ್ವನಿಗೆ ಎಷ್ಟು ಗೊತ್ತಿತ್ತೋ ನಾನು ಕೇಳಲಿಲ್ಲ. ಅವನ ಕೈ ನೋಡಿದ್ದಳು, ಅಷ್ಟಂತೂ ನಿಜ. ನಾನು ಚಟದ ಮಾತು ಎತ್ತಿದಾಗ ಅವಳು ಜೋಳ ಹಸನು ಮಾಡುವುದನ್ನು ನಿಲ್ಲಿಸಲಿಲ್ಲ.

"ಗುದಿಗಿ ಕಟ್ಟಿದ ದನ ದೂರ ಹೋಗಂಗಿಲ್ಲ. ಹೇಣ್ತಿ ಬಂದ್ಲಂದ್ರ ತಾನ ಮನಿ ಹಿಡೀತಾನ," ಎಂದಳು.

ದನ ಓಡದಂತೆ ಕೊರಳಿಗೆ ಕಟ್ಟುವ ಆ ಮರದ ಗುದಿಗೆ ಒಬ್ಬ ಇಪ್ಪತ್ತು ವರ್ಷದ ಹುಡುಗಿ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ತಮ್ಮನನ್ನು ಅಕ್ಕಲಕೋಟಕ್ಕೆ ಕರೆಸಿ, ಬಸ್ ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ಕೂರಿಸಿ, ಪರೀಕ್ಷೆ ಮಾಡಿಸಿಕೊಂಡು ಬಾ, ಆಮೇಲೆ ಲಗ್ನ ಎಂದೆ. ಎಲ್ಲಿ, ಯಾವ ಬಾಗಿಲು, ಯಾವ ಹೊತ್ತಿಗೆ ಎಂದು ಒಂದು ಚೀಟಿಯ ಮೇಲೆ ಬರೆದುಕೊಟ್ಟೆ. ಎಂಟು ದಿನದ ಮೇಲೆ ಫೋನ್ ಮಾಡಿದ.

"ಟೆಸ್ಟ್ ಮಾಡಿಸೀನಕ್ಕಾ. ಏನೂ ಇಲ್ಲ," ಎಂದ.

ನಾನು ಹಣೆಗೆ ಕೈ ಮುಟ್ಟಿಸಿ ದೇವರನ್ನು ನೆನೆದೆ. ಕಾಗದ ತೋರಿಸು ಎನ್ನಲಿಲ್ಲ. ಈ ಒಂದು ಮಾತನ್ನು ಎಷ್ಟು ಸಲ ತಿರುವಿ ನೋಡಿದ್ದೇನೋ ಲೆಕ್ಕವಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ನಂಬಿದೆ ಎಂದರೂ ಪೂರ್ತಿ ನಿಜವಲ್ಲ. ಕೇಳಿದ್ದರೆ ಅವನು ತಡವರಿಸುತ್ತಿದ್ದ. ತಡವರಿಸಿದ್ದರೆ ನಾನು ಏನಾದರೂ ಮಾಡಬೇಕಾಗುತ್ತಿತ್ತು. ಅವ್ವನ ಎದುರು ನಿಲ್ಲಬೇಕಾಗುತ್ತಿತ್ತು, ಮರವಡೆಗೆ ಹೋಗಿ ಹೇಳಬೇಕಾಗುತ್ತಿತ್ತು, ನನ್ನ ಗಂಡನ ಮನೆಯವರಿಗೆ ನನ್ನ ತವರಿನ ಹುಳುಕು ತೋರಿಸಬೇಕಾಗುತ್ತಿತ್ತು. ಕೇಳದಿದ್ದುದರಿಂದ ಲಗ್ನಕ್ಕೆ ಸೀರೆ ಆರಿಸಲು ಹೋದೆ.

ಆ ಹುಡುಗಿ ನಗುಮುಖದವಳು. ಮರಾಠಿ ಶಾಲೆಯಲ್ಲಿ ಹನ್ನೆರಡನೆಯ ತರಗತಿಯವರೆಗೆ ಓದಿದ್ದಳು. ಮನೆಯಲ್ಲಿ ಕನ್ನಡ ಆಡಿದರೂ ಒಂದು ಅಕ್ಷರ ಬರುತ್ತಿರಲಿಲ್ಲ. ಲಗ್ನವಾದ ಹೊಸದರಲ್ಲಿ ನಮ್ಮ ಮನೆಗೆ ಬಂದಾಗ ನನ್ನ ಎರಡನೆಯ ತರಗತಿಯ ಪುಸ್ತಕ ತೆಗೆದು 'ಳ' ಮತ್ತು 'ಶ' ಬರೆಯಲು ಕಲಿತಳು. ತಮ್ಮ ನಾಲ್ಕು ತಿಂಗಳು ಚೆನ್ನಾಗಿದ್ದ. ಮೈ ತುಂಬಿಕೊಂಡ, ಅರ್ಧ ತೋಳಿನ ಅಂಗಿ ಹಾಕಿದ. ಅವ್ವ ನನ್ನ ಕಡೆ ನೋಡಿ, ನಾ ಹೇಳಿರಲಿಲ್ಲವೇ ಎಂಬಂತೆ ಹುಬ್ಬು ಹಾರಿಸಿದಳು. ನಾನು ಆ ದವಾಖಾನೆಯ ಹೆಣ್ಣುಮಗಳ ಮಾತನ್ನು ನಿಜವಾಗಿಯೂ ಮರೆಯತೊಡಗಿದೆ.

ಆಮೇಲೆ ನಡೆದದ್ದು ನನಗೆ ತಿಳಿದಿದ್ದು ಒಂದು ವರ್ಷ ಕಳೆದ ಮೇಲೆ, ಆಕೆಯ ಬಾಯಿಂದ. ಲಗ್ನದ ಐದನೆಯ ತಿಂಗಳಿಗೆ ಅವಳಿಗೆ ಸೊಲ್ಲಾಪುರದ ಕೋಣೆಯ ಬಚ್ಚಲಿನ ಮಾಡದಲ್ಲಿ ಸಿರಿಂಜು ಸಿಕ್ಕಿತ್ತು. ಕೇಳಿದ್ದಕ್ಕೆ ಅವನು, ನನಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತಗೊಳ್ಳುತ್ತೇನೆ, ಸಣ್ಣ ವಯಸ್ಸಿಗೆ ಬಂದಿದೆ ಎಂದು ನಾಚಿಕೆ, ಯಾರಿಗೂ ಹೇಳಬೇಡ ಎಂದಿದ್ದ. ಅವಳು ನಂಬಿದಳು. ಅವನ ಚಹಾಕ್ಕೆ ಸಕ್ಕರೆ ಹಾಕುವುದನ್ನು ಬಿಟ್ಟಳು, ಅನ್ನ ಬಿಡಿಸಿ ಬರೀ ರೊಟ್ಟಿ ಬಡಿದಳು, ಮೆಂತ್ಯ ನೆನೆಹಾಕಿ ಬೆಳಿಗ್ಗೆ ಕುಡಿಸಿದಳು. ಅವನು ಸುಮ್ಮನೆ ಎಲ್ಲ ಕುಡಿಯುತ್ತಿದ್ದ. ತಿಂಗಳಾನುಗಟ್ಟಲೆ ಹತ್ತಿರ ಬರುತ್ತಿರಲಿಲ್ಲ. ಅದಕ್ಕೂ ಸಕ್ಕರೆಯೇ ಕಾರಣ ಎಂದು ಅವಳು ತಿಳಿದಿದ್ದಳು. ಕುಡಿದು ಬಂದ ದಿನ ಬರುತ್ತಿದ್ದ. ಬೇಡ ಎನ್ನುವುದು ಇರಲಿ, ಕಾಳಜಿಯ ಮಾತು ಆಡಲೂ ಅವಳಿಗೆ ದಾರಿ ಇರಲಿಲ್ಲ. ಗಂಡನಿಗೆ ಕಂಡೋಮ್ ಹಾಕಿಕೋ ಎಂದರೆ, ನಿನಗೆ ಅದೆಲ್ಲ ಎಲ್ಲಿಂದ ಗೊತ್ತಾಯಿತು ಎಂದು ತನ್ನನ್ನೇ ಕೇಳುತ್ತಾರಲ್ಲವೇ ಎಂದು ನನ್ನನ್ನು ಕೇಳಿದಳು. ನನ್ನ ಗಂಡನಿಗೂ ನಾನು ಅಂಥ ಮಾತು ಹೇಳಿದವಳಲ್ಲ.

ಅವಳು ಬಸುರಿಯಾದಾಗ ನಾನೇ ಅಕ್ಕಲಕೋಟಕ್ಕೆ ಕರೆಸಿಕೊಂಡೆ. ಸರಕಾರಿ ದವಾಖಾನೆಯಲ್ಲಿ ಹೆಸರು ಬರೆಸಿ, ಬಸುರಿಯರಿಗೆ ಮಾಡುವ ಎಲ್ಲ ರಕ್ತ ಪರೀಕ್ಷೆಗೂ ಕೊಡಿಸಿದೆ. ಸೂಜಿ ಚುಚ್ಚುವಾಗ ಅವಳು ನನ್ನ ಕೈ ಹಿಡಿದುಕೊಂಡಿದ್ದಳು. ಒಂದು ತಾಸಿನ ಮೇಲೆ ಅವಳನ್ನು ಒಬ್ಬಳನ್ನೇ ಒಳಗೆ ಕರೆದರು. ಕಾಲು ತಾಸು ಬಿಟ್ಟು ಬಾಗಿಲು ತೆರೆದು, ಆಕೆಯೇ ಕರೆಯುತ್ತಿದ್ದಾಳೆ ಬನ್ನಿ ಎಂದರು. ಎಚ್‌ಐವಿ ಎಂಬ ಶಬ್ದ ನಾನು ಒಳಗೆ ಹೋಗುವ ಮೊದಲೇ ಆಡಿ ಆಗಿತ್ತು. ಅವಳು ಅಳುತ್ತಿರಲಿಲ್ಲ. ಪರೀಕ್ಷೆಗೆ ಕೂತ ವಿದ್ಯಾರ್ಥಿಯಂತೆ ನೆಟ್ಟಗೆ ಕೂತು, ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದಳು. ಗೋಳಿ ಇವತ್ತಿನಿಂದಲೇ ಶುರು ಮಾಡಿದರೆ ಕೂಸಿಗೆ ಬರದಂತೆ ತಡೆಯಬಹುದು, ಗಂಡನನ್ನೂ ಕರೆದುಕೊಂಡು ಬರಬೇಕು ಎಂದು ಹೇಳಿ ಕಳಿಸಿದರು.

ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಕೂತೆವು. ಆಗ ಅವಳು ಕೇಳಿದಳು.

"ಇದು ಸಕ್ರಿ ಬ್ಯಾನಿಯಿಂದ ಬರ್ತದೇನ್ರೀ ಅಕ್ಕಾರ?"

ನನಗೆ ಅರ್ಥವಾಗಲಿಲ್ಲ. ಯಾರಿಗೆ ಸಕ್ಕರೆ ಎಂದೆ. ಅವಳು ಸಿರಿಂಜಿನ ವಿಷಯ, ಇನ್ಸುಲಿನ್ ವಿಷಯ, ಮೆಂತ್ಯದ ನೀರಿನ ವಿಷಯ ಹೇಳಿದಳು. ಹೇಳುತ್ತ ಹೇಳುತ್ತ ನನ್ನ ಮುಖ ನೋಡಿ ನಿಲ್ಲಿಸಿದಳು. ಇನ್ನು ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. ಇಂಜೆಕ್ಷನ್ ಯಾವುದು, ಒಂದೇ ಸೂಜಿ ಹೇಗೆ ಮೂವರ ಕೈ ತಿರುಗಿತು, ಎಲ್ಲ ಹೇಳಿದೆ. ಲಾಡ್ಜಿನ ಮಾತನ್ನೂ ಹೇಳಿದೆ.

"ನಿಮಗ ಗೊತ್ತಿತ್ತೇನ್ರೀ?"

"ಸೂಜಿ ಗೊತ್ತಿತ್ತವ್ವಾ. ಇದು ಗೊತ್ತಿರ್ಲಿಲ್ಲ."

"ಗೊತ್ತ ಮಾಡ್ಕೋಬೇಕಿತ್ತಲ್ರೀ," ಎಂದಳು. ದನಿ ಏರಿಸಲಿಲ್ಲ. ಅಷ್ಟು ಹೇಳಿ ಎದ್ದು, ಗೋಳಿಯ ಡಬ್ಬಿ ಎಲ್ಲಿ ಇಸಿದುಕೊಳ್ಳಬೇಕು ಎಂದು ಕೇಳಿದಳು.

ತಮ್ಮನನ್ನು ಮರುದಿನವೇ ಸೊಲ್ಲಾಪುರದಲ್ಲಿ ಹಿಡಿದು, ಲಗ್ನಕ್ಕೆ ಮೊದಲು ನಾನು ಸಲಹೆ ಕೇಳಿದ್ದ ಅಲ್ಲಿಯ ದವಾಖಾನೆಗೇ ಕರೆದುಕೊಂಡು ಹೋದೆ. ಅವನದೂ ಹಾಗೆಯೇ ಬಂತು. ಹೊರಗೆ ಬಂದು ಗೋಡೆಗೆ ಆತು ನಿಂತು ಆಗ ನಿಜ ಹೇಳಿದ. ಲಗ್ನಕ್ಕೆ ಮೊದಲು ನಾನು ಬರೆದುಕೊಟ್ಟ ಚೀಟಿ ಹಿಡಿದು ಅವನು ಇದೇ ಬಾಗಿಲವರೆಗೆ ಬಂದಿದ್ದನಂತೆ. ಬೆಂಚಿನ ಮೇಲೆ ಕರಜಗಿಯ ಒಬ್ಬ ಮನುಷ್ಯ ಕೂತಿದ್ದ. ಅವನು ಯಾತಕ್ಕೆ ಬಂದಿದ್ದನೋ ದೇವರಿಗೇ ಗೊತ್ತು. ಅವನ ಕಣ್ಣಿಗೆ ಬೀಳುವ ಮೊದಲು ತಮ್ಮ ತಿರುಗಿ ಹೋದ. ಇನ್ನೊಂದು ದಿನ ಬರೋಣ ಎಂದುಕೊಂಡ. ಆ ದಿನ ಬರಲಿಲ್ಲ, ನಾನೂ ಕೇಳಲಿಲ್ಲ. "ನೀ ಕೇಳಿದ್ರ ಬರ್ತಿದ್ನೋ ಏನೋ ಅಕ್ಕಾ," ಎಂದ. ನನ್ನನ್ನು ದೂರಲೆಂದು ಹೇಳಿದ ಮಾತಲ್ಲ ಅದು. ಅವನಿಗೆ ಆಗ ದೂರುವ ಶಕ್ತಿ ಇರಲಿಲ್ಲ.

ಅವ್ವ ಮಾತ್ರ ಒಂದೇ ಮಾತು ಹಿಡಿದಳು: ಅವಳು ಮರವಡೆಯಿಂದಲೇ ತಂದಳು. ನಾನು ಎದುರು ನಿಂತು, ಕೈ ಚುಚ್ಚಿಕೊಂಡವನು ನಿನ್ನ ಮಗ ಎಂದೆ. ಅವ್ವ ಕಿವಿಗೆ ಹಾಕಿಕೊಳ್ಳಲಿಲ್ಲ. ಬಸುರಿಯೆಂದು ಕರಜಗಿಯ ಮನೆಗೆ ಬಂದಿದ್ದ ಸೊಸೆಗೆ ಬೇರೆ ತಾಟು, ಬೇರೆ ತಂಬಿಗೆ ಆಯಿತು. ಬಚ್ಚಲಿಗೆ ಅವಳು ಹೋಗಿ ಬಂದ ಮೇಲೆ ಕೊಡ ನೀರು ಸುರಿಯುವುದಾಯಿತು. ಹಾಗೆಲ್ಲ ಹರಡುವ ರೋಗವಲ್ಲ ಎಂದು ನಾನು ಹೇಳಿದಷ್ಟೂ ನೀರು ಹೆಚ್ಚು ಬಿತ್ತು. ಮಗನಿಗೆ ಮಾತ್ರ ಅದೇ ಹಳೆಯ ತಾಟಿನಲ್ಲಿ ಬಡಿಸುತ್ತಿದ್ದಳು.

ಹುಡುಗಿಯ ಅಪ್ಪ ಒಂದು ಬೆಳಿಗ್ಗೆ ಬಂದ. ಕಟ್ಟೆಯ ಮೇಲೆ ಕೂತ. ಕೊಟ್ಟ ನೀರು ಮುಟ್ಟಲಿಲ್ಲ, ಜಗಳವನ್ನೂ ತೆಗೆಯಲಿಲ್ಲ. ಮಗಳ ಚೀಲ ಎತ್ತಿಕೊಂಡು ಹೋದ. ಎರಡು ತಿಂಗಳಿಗೆ ಅವನೇ ಅವಳನ್ನು ಅಕ್ಕಲಕೋಟಕ್ಕೆ ತಂದು ನನ್ನ ಬಾಗಿಲಲ್ಲಿ ಬಿಟ್ಟ. ಮನೆಯಲ್ಲಿ ಇನ್ನೊಬ್ಬ ಮಗನ ಲಗ್ನ ಬಂದಿದೆ, ನೆಂಟರು ಕೇಳಲು ಶುರು ಮಾಡಿದ್ದಾರೆ, ಗೋಳಿ ಯಾತರದ್ದು ಎನ್ನುತ್ತಾರೆ ಎಂದ. ಅಷ್ಟು ಹೇಳುವಾಗ ಆ ಮನುಷ್ಯ ನನ್ನ ಮುಖ ನೋಡಲಿಲ್ಲ, ಮಗಳ ಮುಖವನ್ನೂ ನೋಡಲಿಲ್ಲ. ನನ್ನ ಗಂಡ ಮೂರನೆಯ ದಿನ ಮೇಲಿನ ಕೋಣೆ ಖಾಲಿ ಮಾಡಿಕೊಟ್ಟರು.

ಅವಳು ಸೊಲ್ಲಾಪುರದಲ್ಲಿ ಹಡೆದಳು. ಹೆಣ್ಣುಕೂಸು. ಹುಟ್ಟಿದೊಡನೆ ಕೂಸಿಗೆ ಔಷಧಿಯ ಹನಿ ಶುರುವಾಯಿತು. ಹದಿನೆಂಟು ತಿಂಗಳವರೆಗೆ ಮತ್ತೆ ಮತ್ತೆ ಹಿಮ್ಮಡಿಯಿಂದ, ಬೆರಳಿನಿಂದ ರಕ್ತ ತೆಗೆದರು. ಪ್ರತಿ ಸಲವೂ ಕಾಗದ ಬರುವತನಕ ಅವಳು ಊಟ ಬಿಡುತ್ತಿದ್ದಳು. ಕೊನೆಯ ಕಾಗದದಲ್ಲಿ ಕೂಸಿಗೆ ಇಲ್ಲ ಎಂದು ಬಂತು. ಅವತ್ತೊಂದು ದಿನ ಅವಳು ದವಾಖಾನೆಯ ಮೆಟ್ಟಿಲ ಮೇಲೆ ಕೂತು ಎಲ್ಲರೂ ನೋಡುವಂತೆ ಅತ್ತಳು. ನಾನು ಆ ಕಾಗದವನ್ನು ಮೂರು ಸಲ ಓದಿದೆ.

ತಮ್ಮನ ಕಥೆ ಬೇರೆ ದಾರಿ ಹಿಡಿಯಿತು. ಮೊದಲ ಆರು ತಿಂಗಳು ಅವನು ನಿಯಮದಿಂದ ಗೋಳಿ ನುಂಗಿದ, ಚಟ ಬಿಡಿಸುವ ಗೋಳಿಗೂ ದಿನಾ ಹೋಗಿ ಬರುತ್ತಿದ್ದ. ಸುದ್ದಿ ಮಾವನಿಗೆ ಹೇಗೋ ಮುಟ್ಟಿತು. ಮಾವ ಬೈಯಲಿಲ್ಲ. ಇನ್ನು ಅಂಗಡಿಗೆ ಬರಬೇಡ, ಗಿರಾಕಿ ಕಾಳು ಮುಟ್ಟುವುದಿಲ್ಲ ಎಂದ. ಹಿಂದಿನ ಕೋಣೆಗೂ ಬೀಗ ಬಿತ್ತು. ಕರಜಗಿಗೆ ಬಂದರೆ ಅಲ್ಲಿಂದ ದಿನಾ ಸೊಲ್ಲಾಪುರಕ್ಕೆ ಗೋಳಿಗೆ ಹೋಗಿ ಬರುವುದು ಆಗದ ಮಾತು. ಎಸ್ಟಿ ಬಸ್ಸಿನಲ್ಲಿ ದಿನಾ ಎಲ್ಲಿಗೆ ಹೋಗುತ್ತೀ ಎಂದು ಊರವರು ಕೇಳುತ್ತಾರೆ. ಒಂದು ವಾರ ತಪ್ಪಿತು, ಆಮೇಲೆ ತಿಂಗಳು. ಒಂದು ದಿನ ಸೊಲ್ಲಾಪುರಕ್ಕೆ ಹೋದವನು ಹಳೆಯ ಜಾಗಕ್ಕೇ ಹೋದ. ಚಟಕ್ಕೆ ಮರಳಿದವನಿಗೆ ಎಚ್‌ಐವಿಯ ಗೋಳಿಯೂ ಬೇಡವಾಯಿತು. ಎರಡೂ ಬಾಗಿಲು ಒಟ್ಟಿಗೆ ಮುಚ್ಚಿದಂತಾಯಿತು. ಹೆಂಡತಿ ಅವನನ್ನು ನೋಡಲು ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಮಗಳನ್ನು ಅವನು ನೋಡಿದ್ದು ಒಂದೇ ಸಲ, ನನ್ನ ಫೋನಿನಲ್ಲಿ.

ಮರುವರ್ಷದ ಬೇಸಿಗೆಗೆ ಅವನಿಗೆ ಕ್ಷಯ ಹತ್ತಿತು. ದವಾಖಾನೆಯಲ್ಲಿ ಅವನ ಪಕ್ಕ ಕೂರಲು ಇದ್ದವಳು ನಾನೊಬ್ಬಳೇ. ಅವನನ್ನು ಎತ್ತಿ ಕೂರಿಸಿದರೆ ಚಿಕ್ಕಂದಿನಲ್ಲಿ ಹೊತ್ತು ತಿರುಗಿದಾಗಿನಷ್ಟೂ ಭಾರ ಇರಲಿಲ್ಲ. ತೀರಿಹೋಗುವ ಎರಡು ದಿನ ಮೊದಲು, ಮಧ್ಯಾಹ್ನ, ನನ್ನ ಸೆರಗು ಎಳೆದು ಹತ್ತಿರ ಕರೆದ. ಮಗ್ಗದ ಗೆಳೆಯ ಆಗಲೇ ಊರು ಬಿಟ್ಟು ಹೋಗಿದ್ದ, ಅವನ ಪತ್ತೆ ಯಾರಿಗೂ ಇರಲಿಲ್ಲ. ಇವನ ಮನಸ್ಸಿನಲ್ಲಿ ಇದ್ದದ್ದು ದುಧನಿಯ ಟೆಂಪೋದವನು.

"ಅವಂಗ ಹೇಳಕ್ಕಾ. ಅವಂದು ಲಗ್ನ ಗೊತ್ತಾಗ್ಯದಂತ," ಎಂದ. "ನನ್ನ ಹೆಸರ ಹೇಳು. ಏನ್ ಹೋಗ್ತದ ನಂದು ಈಗ."

ಅವನ ದಿನಕರ್ಮ ಮುಗಿದ ಮೇಲೆ ನಾನು ಅಕ್ಕಲಕೋಟ ರೋಡ್ ಸ್ಟೇಷನ್ನಿನಿಂದ ರೈಲು ಹಿಡಿದು ದುಧನಿಗೆ ಹೋದೆ. ಟೆಂಪೋದವನು ಮಾರ್ಕೆಟ್ಟಿನ ಹತ್ತಿರ ಗಾಡಿ ತೊಳೆಯುತ್ತಿದ್ದ. ನನ್ನನ್ನು ನೋಡಿ ಗೆಳೆಯ ಹೋದನೆಂದು ಅತ್ತ, ಚಹಾ ತರಿಸಿದ. ನಾನು ಬಂದ ವಿಷಯ ಹೇಳಿದಾಗ ಅವನ ಮುಖ ಬದಲಾಯಿತು. ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿದ. ನನ್ನದು ಟೆಸ್ಟ್ ಆಗಿದೆ, ಏನೂ ಇಲ್ಲ ಎಂದ. ನಾನು ಕಾಗದ ತೋರಿಸು ಎಂದೆ. ಮನೆಯಲ್ಲಿದೆ ಎಂದ. ಮನೆಗೆ ಹೋಗೋಣ ಎಂದೆ. ಆಗ ಅವನು ಚಹಾದ ಕಪ್ಪು ಕೆಳಗಿಟ್ಟು, ಮರ್ಯಾದೆಯಿಂದ ಹೋಗ್ರಿ, ಇಲ್ಲದಿದ್ದರೆ ನಿಮ್ಮ ಮನೆಯ ವಿಷಯ ದುಧನಿಯ ತುಂಬ ಹೇಳುತ್ತೇನೆ ಎಂದ. ಹೇಳು ಎಂದು ನಾನು ಬಂದುಬಿಟ್ಟೆ.

ಎರಡನೆಯ ಸಲ ಹೋದಾಗ ಅವನು ಸಿಗಲಿಲ್ಲ, ಅಥವಾ ಇದ್ದೂ ಇಲ್ಲವೆನ್ನಿಸಿದ. ಮೂರನೆಯ ಸಲ ಅವನ ಮನೆಯ ಎದುರಿನ ಕಟ್ಟೆಯ ಮೇಲೆ ಬೆಳಿಗ್ಗೆಯಿಂದ ಕೂತೆ. ಅವನ ತಾಯಿ ಬಂದು ಯಾರು, ಏನು ಎಂದು ಕೇಳಿದಳು. ನಿಮ್ಮ ಮಗನ ಗೆಳೆಯನ ಅಕ್ಕ, ಅವನ ಹತ್ತಿರ ಕೆಲಸವಿದೆ ಎಂದೆ. ಲಗ್ನದ ಹಪ್ಪಳ ಒಣಹಾಕಿದ್ದಳು. ಎದ್ದು ಅದಕ್ಕೆ ಕೈ ಹಚ್ಚಿದೆ. ಸಂಜೆ ನಾಲ್ಕಕ್ಕೆ ಅವನು ಬಂದು, ತಾಯಿಯ ಪಕ್ಕ ಕೂತ ನನ್ನನ್ನು ನೋಡಿದ. ಹೇಳಿಬಿಟ್ಟಿದ್ದೇನೆ ಎಂದುಕೊಂಡನೋ ಏನೋ, ನಿಂತಲ್ಲಿಯೇ ಬಾಗಿಲ ಚೌಕಟ್ಟು ಹಿಡಿದ. ನಾನು ಹೇಳಿರಲಿಲ್ಲ. ಹೊರಗೆ ಬಂದು ನಾಳೆ ಹತ್ತಕ್ಕೆ ಸೊಲ್ಲಾಪುರದ ದವಾಖಾನೆಯ ಬಾಗಿಲಲ್ಲಿ ಇರುತ್ತೇನೆ ಎಂದು ಹೇಳಿದೆ.

ಬಂದ. ಮೂರು ತಾಸು ತಡವಾಗಿ, ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಬಂದ. ಒಂದೇ ಬೆಂಚಿನ ಮೇಲೆ ಕೂತೆವು. ಒಳಗೆ ಏನು ಬಂತೆಂದು ನಾನು ಬರೆಯುವುದಿಲ್ಲ, ಅದು ಅವನದು. ಹದಿನೈದು ದಿನಕ್ಕೆ ಜಾತಕ ಕೂಡಲಿಲ್ಲ ಎಂಬ ನೆಪದ ಮೇಲೆ ಲಗ್ನ ನಿಂತಿತು. ಕರಜಗಿಯವಳು ತನ್ನ ಮನೆ ಸುಟ್ಟುಕೊಂಡು ಈಗ ಮಂದಿ ಮನೆಗೆ ಬೆಂಕಿ ಹಚ್ಚಿದಳು ಎಂದು ದುಧನಿಯಿಂದ ಮಾತು ಬಂತು. ಅದನ್ನು ನನಗೆ ಹೇಳಿದವಳು ಅವ್ವ. ಟೆಂಪೋದವನಿಗೆ ನಿಶ್ಚಯವಾಗಿದ್ದ ಹುಡುಗಿಯ ಊರು ಯಾವುದೆಂದೂ ನನಗೆ ಗೊತ್ತಿಲ್ಲ. ಲಗ್ನ ಮುರಿದ ಹೆಣ್ಣೆಂದು ಅವಳಿಗೂ ಎಲ್ಲೋ ಮಾತು ಬಂದಿರಬೇಕು. ಅವಳಿಗೆ ನನ್ನ ಮೇಲೆ ಸಿಟ್ಟಿರಬಹುದು.

ತಮ್ಮನ ಹೆಂಡತಿ ಈಗ ಸೊಲ್ಲಾಪುರದಲ್ಲಿ ಮಗಳೊಂದಿಗೆ ಬಾಡಿಗೆಯ ಒಂದು ಕೋಣೆಯಲ್ಲಿದ್ದಾಳೆ. ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕಾಲರು ಹಚ್ಚುವ ಕೆಲಸ. ನಮ್ಮ ಮನೆಯಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ. ಗೋಳಿಯ ದಿನ ಮಾತ್ರ ನನಗೆ ಫೋನ್ ಮಾಡುತ್ತಾಳೆ, ನಾನು ಹೋಗಿ ಕೂಸನ್ನು ಹಿಡಿದುಕೊಳ್ಳುತ್ತೇನೆ. ಕ್ಷಮಿಸಿದ್ದಾಳೆಯೇ ಎಂದು ಕೇಳುವ ಧೈರ್ಯ ನನಗಿಲ್ಲ. ಒಮ್ಮೆ ಕೇಳದಿದ್ದರೂ ಅವಳೇ ಹೇಳಿದಳು, ನಿಮ್ಮ ಮೇಲೆ ಸಿಟ್ಟು ಇಟ್ಟುಕೊಳ್ಳಲು ನನಗೆ ಹೊತ್ತಿಲ್ಲ ಎಂದು. ಅದನ್ನು ನಾನು ಸಮಾಧಾನವೆಂದು ತೆಗೆದುಕೊಳ್ಳಲಿಲ್ಲ.

ಹೋದ ತಿಂಗಳು ಗೋಳಿಯ ಸಾಲಿನಲ್ಲಿ ನಿಂತಾಗ ಅವಳು ತಾನಾಗಿ ಒಂದು ಮಾತು ಎತ್ತಿದಳು. ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಒಬ್ಬನಿದ್ದಾನೆ, ಹೆಂಡತಿ ತೀರಿದವನು, ಸಭ್ಯ. ವರ್ಷದಿಂದ ಅವಳ ಮಗಳಿಗೆ ಚೂರುಬಟ್ಟೆಯ ಗೊಂಬೆ ಮಾಡಿ ಕೊಡುತ್ತಿದ್ದ. ಈಗ ಲಗ್ನದ ಮಾತು ಕೇಳಿದ್ದ. ಅವಳು ಅವನಿಗೆ ಆಗಲೇ, ಮೊದಲ ದಿನವೇ, ಊಟದ ಬಿಡುವಿನಲ್ಲಿ ಎಲ್ಲ ಹೇಳಿದಳಂತೆ. ಗೋಳಿ ನುಂಗುತ್ತಿದ್ದರೆ ಹರಡುವುದಿಲ್ಲವೆಂಬುದನ್ನೂ ಹೇಳಿದಳಂತೆ. ಅವನು ಡಬ್ಬಿ ಮುಚ್ಚಿಕೊಂಡು ಎದ್ದು ಹೋದ.

"ಏನಂದಾ?" ಎಂದೆ.

"ಏನೂ ಅನ್ಲಿಲ್ರೀ. ಮೇಜು ಬದಲಿ ಮಾಡ್ಕೊಂಡಾನ."

ಅವನು ಇನ್ನೊಬ್ಬರ ಹತ್ತಿರ ಬಾಯಿ ಬಿಟ್ಟರೆ ಅವಳ ಕೆಲಸ ಹೋಗುತ್ತದೆ, ಕೋಣೆಯೂ ಹೋಗುತ್ತದೆ. ಅವಳು ಎರಡು ದಿನ ಕೆಲಸಕ್ಕೆ ಹೋಗದೆ ಮನೆಯಲ್ಲಿ ಕೂತಿದ್ದಳಂತೆ, ಯಾರಾದರೂ ಬಂದು ಏನಾದರೂ ಹೇಳುತ್ತಾರೆಂದು ಕಾಯುತ್ತ. ಯಾರೂ ಬರಲಿಲ್ಲ. ಮೂರನೆಯ ದಿನ ಎದ್ದು, ಮಗಳನ್ನು ಅಂಗನವಾಡಿಗೆ ಬಿಟ್ಟು, ಹೋಗಿ ತನ್ನ ಮಷೀನಿನ ಮುಂದೆ ಕೂತಳು. ಅವನು ಯಾರಿಗಾದರೂ ಹೇಳಿದ್ದಾನೋ ಇಲ್ಲವೋ ಇನ್ನೂ ಗೊತ್ತಾಗಿಲ್ಲ.